ಬಟ್ಟೆ ಹೊದ್ದ ವಿಮಾನ ಮತ್ತು ನನ್ನ ಷಡ್ಡಕ

ಹೊಟ್ಟೆಕಿಚ್ಚು ಒಳ್ಳೆಯ ಗುಣವಲ್ಲವೆಂದು ನನಗೂ ಗೊತ್ತಿದೆ. ಆದರೆ ಒಬ್ಬನೇ ಮನುಷ್ಯನ ಮೇಲೆ, ಸುಮಾರು ಐವತ್ತು ವರ್ಷ, ಒಂದು ದಿನವೂ ರಜೆ ಹಾಕದೆ ಹೊಟ್ಟೆಕಿಚ್ಚುಪಡಬೇಕಾದರೆ ಅದಕ್ಕೊಂದು ಶಿಸ್ತು ಬೇಕಾಗುತ್ತದೆ. ಅದು ನನ್ನಲ್ಲಿದೆ ಎಂದು ವಿನಯದಿಂದಲೇ ಹೇಳಿಕೊಳ್ಳುತ್ತೇನೆ. ಆ ಮನುಷ್ಯ ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಾನು ಅಂಬಲಪಾಡಿಯಲ್ಲಿದ್ದೇನೆ. ಅವನು ಮಣಿಪಾಲದ ಗುಡ್ಡದ ಮೇಲಿದ್ದಾನೆ. ಭೂಗೋಳ ಶಾಸ್ತ್ರದ ಪ್ರಕಾರವೂ ಅವನ ಸ್ಥಾನ ನನಗಿಂತ ಎತ್ತರದ್ದು.

ನಾವಿಬ್ಬರೂ ಘಟ್ಟದ ಮೇಲಿನ ಒಂದೇ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅದು ಯುದ್ಧವಿಮಾನದ ಕಾರ್ಖಾನೆ. ಅಲ್ಲಿ ಹುಟ್ಟಿದ್ದೆಲ್ಲ ಗುಡುಗುತ್ತಿತ್ತು, ಬೆಂಕಿ ಉಗುಳುತ್ತಿತ್ತು, ದೇಶದ ಗಡಿಗೆ ಹೋಗುತ್ತಿತ್ತು. ಆದರೆ ನಾನು ಸೇರಿದ ಹೊಸತರಲ್ಲಿ ಅದೇ ಕಾರ್ಖಾನೆ ಸಾಮಾನ್ಯ ಜನರಿಗಾಗಿ ಒಂದು ಪುಟ್ಟ ವಿಮಾನವನ್ನೂ ಕಟ್ಟುತ್ತಿತ್ತು. ಹುಲಿ ಸಾಕುವವರ ಮನೆಯಲ್ಲಿ ಒಂದು ಬೆಕ್ಕೂ ಇದ್ದ ಹಾಗೆ. ಅಕ್ಕಪಕ್ಕ ಎರಡು ಸೀಟು, ಮೂತಿಯಲ್ಲೊಂದು ಫ್ಯಾನು, ತಲೆಯ ಮೇಲೆ ರೆಕ್ಕೆ. ಹಾರಾಟ ಕಲಿಸುವ ಕ್ಲಬ್ಬುಗಳಿಗೆ ಅದು ಹೋಗುತ್ತಿತ್ತು. ಡಾಕ್ಟರರು, ವಕೀಲರು, ಕಾಲೇಜು ಹುಡುಗಿಯರು ಅದರಲ್ಲಿ ಕೂತು ಹಾರಲು ಕಲಿತರು. ಯಾರನ್ನೂ ಕೊಲ್ಲುವುದು ಅದರಿಂದ ಸಾಧ್ಯವಿರಲಿಲ್ಲವಾದ್ದರಿಂದ ಅದಕ್ಕೆ ಕಾರ್ಖಾನೆಯೊಳಗೆ ಮರ್ಯಾದೆ ಸ್ವಲ್ಪ ಕಡಿಮೆ.

ಅದರ ರೆಕ್ಕೆಗೆ ಹೊದಿಸುತ್ತಿದ್ದದ್ದು ಬಟ್ಟೆ. ಮರದ ತೊಲೆ, ತೆಳು ತಗಡಿನ ಪಕ್ಕೆಲುಬು, ಅದರ ಮೇಲೆ ಬಟ್ಟೆ. ಆ ಬಟ್ಟೆಯ ವಿಭಾಗದಲ್ಲಿ ನಾನಿದ್ದೆ. ಕಾಪುವಿನ ಕಡಲ ಬದಿಯಲ್ಲಿ ಅಪ್ಪನ ಜತೆ ಬಲೆ ಹೆಣೆದು ಬೆಳೆದವನಾದ್ದರಿಂದ ನೂಲಿನ ಕೆಲಸ ನನ್ನ ಕೈಗೆ ಬೇಗ ಹತ್ತಿತು. ಅಗತ್ಯಕ್ಕಿಂತ ಬೇಗ ಹತ್ತಿತು ಎನ್ನಬೇಕು. ಮೊದಲನೆಯ ವಾರ ಒಂದು ರೆಕ್ಕೆಯ ಅರ್ಧವನ್ನು ಪೂರಾ ಬಲೆಯ ಗಂಟು ಹಾಕಿ ಹೊಲಿದಿಟ್ಟು, ಇಂಥ ಚಂದದ ಗಂಟನ್ನು ಈ ಘಟ್ಟದವರು ಕಂಡಿರಲಿಕ್ಕಿಲ್ಲ ಎಂದು ಹೆಮ್ಮೆಯಿಂದ ನಿಂತಿದ್ದೆ. ತಪಾಸಣೆಗೆ ಬಂದ ಅಧಿಕಾರಿ ಒಂದು ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಊರು ಯಾವುದಪ್ಪಾ?"

"ಕಾಪು, ಸಾರ್."

"ಇದರಲ್ಲಿ ಮೀನು ಹಿಡಿಯುವ ಯೋಚನೆ ಉಂಟೋ?"

ಅಷ್ಟು ಹೇಳಿ ಚಾಕು ತೆಗೆದು ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಕತ್ತರಿಸಿದರು. ಅದೂ ಒಂದು ವಿದ್ಯಾಭ್ಯಾಸ. ಆಮೇಲೆ ನಾನು ಹಾಕಿದ ಒಂದು ಗಂಟನ್ನೂ ಯಾರೂ ಕತ್ತರಿಸಿದ್ದಿಲ್ಲ.

ಕೆಲವು ವರ್ಷಗಳಲ್ಲಿ ಆ ಪುಟ್ಟ ವಿಮಾನ ಕಟ್ಟುವುದನ್ನು ನಿಲ್ಲಿಸಿದರು. ನಮ್ಮನ್ನು ಸೀಟಿನ ಹೊದಿಕೆ, ಪ್ಯಾರಾಚೂಟಿನ ಚೀಲ ಎಂದು ಅಲ್ಲಿ ಇಲ್ಲಿ ಹಂಚಿದರು. ಅದೇ ಸಮಯಕ್ಕೆ ಷಡ್ಡಕ ಬಂದು ನೇರವಾಗಿ ಜೆಟ್ ವಿಭಾಗ ಸೇರಿದ. ಮೂವತ್ತು ವರ್ಷಕ್ಕೂ ಮಿಕ್ಕಿ ಅವನು ಮಾಡಿದ್ದು ಯುದ್ಧವಿಮಾನದ ಹೊಟ್ಟೆಯೊಳಗೆ ಇಂಧನದ ಕೊಳವೆ ಜೋಡಿಸುವ ಕೆಲಸ. ಆದರೆ ಊರಿನಲ್ಲಿ ಅದನ್ನು ಅವನು ಹೇಳುವ ಕ್ರಮ ಬೇರೆ. "ನಾನು ಫೈಟರಿನಲ್ಲಿದ್ದೆ" ಎನ್ನುತ್ತಾನೆ. ಕೇಳಿದವರು ಅವನು ಅದರಲ್ಲಿ ಕೂತು ಗಡಿ ದಾಟಿ ಬಂದವನೆಂದೇ ತಿಳಿಯುತ್ತಾರೆ. ತಿದ್ದುವ ಆತುರ ಅವನಿಗಿಲ್ಲ. ಸ್ವಾತಂತ್ರ್ಯ ದಿನಕ್ಕೆ ಶಾಲೆಯವರು ಅವನನ್ನು ಕರೆಯುತ್ತಾರೆ. ಭಜನಾ ಮಂದಿರದ ವಾರ್ಷಿಕೋತ್ಸವಕ್ಕೂ ಕರೆಯುತ್ತಾರೆ. ಭಜನೆಗೂ ಇಂಧನದ ಕೊಳವೆಗೂ ಏನು ಸಂಬಂಧವೆಂದು ನಾನು ಇವತ್ತಿನವರೆಗೂ ವಿಚಾರಿಸಿಲ್ಲ.

ನನ್ನನ್ನು ಕರೆದವರಿಲ್ಲ. ಒಮ್ಮೆಯಾದರೂ, ನಾಲ್ಕು ಜನರ ಎದುರು, ಮೈಕಿನಲ್ಲಿ, 'ಇವರು ವಿಮಾನ ಕಟ್ಟಿದವರು' ಎಂದು ಯಾರಾದರೂ ಹೇಳಬೇಕೆಂಬುದೇ ನನ್ನ ಆಸೆ. ಇಷ್ಟು ಸಣ್ಣ ಆಸೆಯನ್ನು ಇಷ್ಟು ದೊಡ್ಡ ವಯಸ್ಸಿನವರೆಗೆ ಸಾಕಿಕೊಂಡು ಬಂದದ್ದಕ್ಕೆ ನಾಚಿಕೆಯಿದೆ; ಆದರೆ ಇಷ್ಟು ವರ್ಷ ಸಾಕಿದ್ದನ್ನು ಈಗ ಬೀದಿಗೆ ಬಿಡಲಾಗುವುದಿಲ್ಲ.

ನಮ್ಮಿಬ್ಬರ ಮಾತು ಮೇಲ್ನೋಟಕ್ಕೆ ಸಲುಗೆಯದು. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಅವನು ನನ್ನನ್ನು ಭಾವ ಎನ್ನುತ್ತಾನೆ, ಬಹುವಚನ ತಪ್ಪುವುದಿಲ್ಲ. ಚುಚ್ಚುವಾಗ ಬಹುವಚನ ಇನ್ನೂ ಆಳಕ್ಕೆ ಹೋಗುತ್ತದೆ.

"ನೀನು ಕಟ್ಟಿದ ವಿಮಾನದಲ್ಲಿ ನೀನು ಕೂತದ್ದುಂಟಾ ಮಾರಾಯ? ನಾನು ಕೂತಿದ್ದೇನೆ, ಕಾಲು ಗಂಟೆ ಹಾರಿದ್ದೇನೆ" ಎಂದು ನಾನು ಒಮ್ಮೆ ಕೇಳಿದ್ದೆ.

"ಅದು ಹೌದು ಭಾವ. ನಮ್ಮದರಲ್ಲಿ ಕೂತವ ಬಿದ್ದರೆ ಶತ್ರುವಿನ ಮೇಲೆ ಬೀಳ್ತಾನೆ. ನಿಮ್ಮದರಲ್ಲಿ ಕೂತವ ತೆಂಗಿನಮರದ ಮೇಲೆ" ಎಂದ. ಹೆಂಡತಿಯರಿಬ್ಬರೂ ನಕ್ಕರು. ನನ್ನ ಹೆಂಡತಿ ಸ್ವಲ್ಪ ಹೆಚ್ಚು ನಕ್ಕಳು.

ಕಳೆದ ಬೇಸಿಗೆಯಲ್ಲಿ ಕಾರ್ಕಳದ ಗೇರುಬೀಜದ ಕಾರ್ಖಾನೆಯ ಧಣಿಗಳೊಬ್ಬರು ಮದುವೆಯ ಸಭಾಭವನ ಕಟ್ಟಿಸಿದರು. ಈಗ ಸಭಾಭವನಗಳೇನು, ಬಸ್ ನಿಲ್ದಾಣಕ್ಕಿಂತ ಹೆಚ್ಚಿವೆ. ಜನರನ್ನು ಸೆಳೆಯಲು ಪ್ರತಿಯೊಂದಕ್ಕೂ ಒಂದು ವಿಶೇಷ ಬೇಕು. ಒಬ್ಬರು ಕಾರಂಜಿ ಇಟ್ಟರು, ಇನ್ನೊಬ್ಬರು ಸಿಮೆಂಟಿನ ಆನೆ ನಿಲ್ಲಿಸಿದರು. ಈ ಧಣಿಗಳು ವಿಮಾನ ತಂದರು. ಎಲ್ಲೋ ಮುಚ್ಚಿಹೋದ ಹಾರಾಟದ ಕ್ಲಬ್ಬಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ವಿಮಾನ ಅದು. ಲಾರಿಯಲ್ಲಿ ರೆಕ್ಕೆ ಬೇರೆ ಮೈ ಬೇರೆಯಾಗಿ ಘಟ್ಟ ಇಳಿದು ಬಂತು. ಮದುಮಕ್ಕಳನ್ನು ಅದರ ಎದುರು ನಿಲ್ಲಿಸಿ ಫೋಟೋ ತೆಗೆಯುವುದು ಉದ್ದೇಶ. ಅದು ನಮ್ಮ ಕಾರ್ಖಾನೆಯ ಆ ಪುಟ್ಟ ವಿಮಾನವೇ. ಬಟ್ಟೆಯನ್ನೆಲ್ಲ ಇಲಿ ತಿಂದಿತ್ತು.

ಅದನ್ನು ಮೊದಲಿನಂತೆ ಮಾಡಿಸಲು ಧಣಿಗಳು ತಜ್ಞರೊಬ್ಬರನ್ನು ಹುಡುಕಿದರು. ಯಾರನ್ನು ಹಿಡಿದರೆಂದು ನಾನು ಬೇರೆ ಹೇಳಬೇಕಾಗಿಲ್ಲ. ಯಾವುದೋ ವೇದಿಕೆಯಲ್ಲಿ ಅವನ ಭಾಷಣ ಕೇಳಿದ್ದರಂತೆ. ದಿನಾ ಬೆಳಿಗ್ಗೆ ಮಣಿಪಾಲಕ್ಕೆ ಅವನಿಗಾಗಿ ಕಾರು ಬರತೊಡಗಿತು. ಇದನ್ನು ನನಗೆ ತಿಳಿಸಿದ್ದು ನನ್ನ ಹೆಂಡತಿ, ಸಂತೆಕಟ್ಟೆಯ ಮಾರ್ಕೆಟಿನಲ್ಲಿ ತಂಗಿಯ ಬಾಯಿಂದ ಕೇಳಿ ಬಂದು, ತರಕಾರಿ ಚೀಲದ ಜತೆಗೇ ಇಳಿಸಿದಳು.

ಒಂದು ವಾರ ನಾನು ಫೋನಿನ ಹತ್ತಿರ ಕುಳಿತೆ. ಕೊನೆಗೆ ಬಂತು.

"ಭಾವ, ಇಲ್ಲಿ ಸ್ವಲ್ಪ ಹೊಲಿಗೆ ಕೆಲಸ ಉಂಟು. ಬರ್ತೀರಾ? ನಿಮಗೂ ಹೊತ್ತು ಹೋಗ್ತದೆ."

ಹೊತ್ತು ಹೋಗುವುದು! ಈ ವಿಮಾನ ಹುಟ್ಟಿದ ಶೆಡ್ಡಿನಲ್ಲಿ ಇವನು ಕಾಲಿಟ್ಟವನೇ ಅಲ್ಲ. ಬರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದೆ. ನನಗೆ ಕಾರು ಬರಲಿಲ್ಲ. ಬಸ್ಸಿನಲ್ಲಿ ಹೋದೆ.

ಧಣಿಗಳಿಗೆ ಅವನು ನನ್ನನ್ನು ಪರಿಚಯಿಸಿದ. "ಇವರು ನನ್ನ ಭಾವ. ಅಲ್ಲಿಯೇ ಇದ್ದವರು. ಬಟ್ಟೆಯ ಡಿಪಾರ್ಟ್‌ಮೆಂಟ್."

"ಓ, ಸಂತೋಷ ಸಂತೋಷ," ಎಂದರು ಧಣಿಗಳು ಕೈಮುಗಿದು. "ಜವಳಿ ಲೈನಿನವರಾ? ನಮ್ಮ ಹಾಲ್‌ನ ಪರದೆಗೂ ಒಂದು ಸಲಹೆ ಕೊಡ್ಬೇಕು ನೀವು."

ಪರದೆಯ ಬಗ್ಗೆಯೂ ಸಲಹೆ ಕೊಟ್ಟೆ. ಆಮೇಲೆ ಕೆಲಸಕ್ಕೆ ಕುಳಿತೆವು. ರೆಕ್ಕೆಯನ್ನು ಗೋಡೆಯಂತೆ ಅಂಚಿನ ಮೇಲೆ ನಿಲ್ಲಿಸಿ, ಎರಡೂ ಕಡೆ ಬಟ್ಟೆ ಎಳೆದು, ಒಂದೂವರೆ ಗೇಣಿನ ಸೂಜಿಯಿಂದ ಪಕ್ಕೆಲುಬಿಗೆ ಬಿಗಿಯುವ ಹೊಲಿಗೆ ಅದು. ಒಬ್ಬನಿಂದ ಆಗುವ ಕೆಲಸವಲ್ಲ. ಈಚೆಯವನು ಸೂಜಿ ದಾಟಿಸಬೇಕು, ಆಚೆಯವನು ಎಳೆದು ಪಕ್ಕೆಲುಬಿನ ಇನ್ನೊಂದು ಬದಿಯಿಂದ ತಿರುಗಿ ಕಳಿಸಬೇಕು. ಆಚೆ ಷಡ್ಡಕ ಕುಳಿತ. ಕಲಿಸಿದ್ದು ನಾನು. ಎರಡನೆಯ ದಿನಕ್ಕೆ ಅವನ ಹೊಲಿಗೆ ನನ್ನದಕ್ಕಿಂತ ನೇರವಾಗಿತ್ತು. ಅದನ್ನು ನಾನು ನೋಡಿದೆ, ನೋಡಲಿಲ್ಲ ಎಂಬಂತೆ ಇದ್ದೆ.

ಹೊಲಿಗೆ ಮುಗಿಯುವಾಗ ಜೂನ್ ಬಂದು ಮಳೆ ಹಿಡಿಯಿತು. ಇನ್ನು ಉಳಿದದ್ದು ಡೋಪು. ಬಟ್ಟೆಯ ಮೇಲೆ ಬಳಿಯುವ ಒಂದು ಬಗೆಯ ವಾರ್ನಿಷ್ ಅದು, ಕಳಿತ ಬಾಳೆಹಣ್ಣಿನ ವಾಸನೆ. ಒಣಗುತ್ತ ಬಟ್ಟೆಯನ್ನು ಬಿಗಿಯುತ್ತದೆ. ಸರಿಯಾಗಿ ಬಿಗಿದ ರೆಕ್ಕೆಗೆ ಬೆರಳಿನಿಂದ ಹೊಡೆದರೆ ಮದ್ದಳೆಯಂತೆ ನುಡಿಯಬೇಕು. ಆದರೆ ಗಾಳಿಯಲ್ಲಿ ತೇವವಿದ್ದರೆ ಡೋಪು ಆ ನೀರನ್ನು ಎಳೆದುಕೊಂಡು ಬೆಳ್ಳಗೆ ಹಾಲಿನಂತಾಗಿಬಿಡುತ್ತದೆ; ಬಿಗಿಯುವುದಿಲ್ಲ, ಬಲವೂ ಇರುವುದಿಲ್ಲ. ಕಾರ್ಖಾನೆಯಲ್ಲಿ ಗಾಳಿಯ ತೇವ ಅಳೆಯಲು ಒದ್ದೆ ಬಟ್ಟೆ ಸುತ್ತಿದ ಒಂದು ಥರ್ಮಾಮೀಟರ್, ಸುತ್ತದ ಒಂದು ಥರ್ಮಾಮೀಟರ್ ಅಕ್ಕಪಕ್ಕ ತೂಗುಹಾಕಿದ್ದರು. ಎರಡನ್ನೂ ನೋಡದೆ ಡಬ್ಬಿಯ ಮುಚ್ಚಳ ತೆಗೆಯುವಂತಿರಲಿಲ್ಲ. ಜೆಟ್ ವಿಮಾನದಲ್ಲಿ ಬಟ್ಟೆಯೂ ಇಲ್ಲ, ಡೋಪೂ ಇಲ್ಲ. ಷಡ್ಡಕನಿಗೆ ಇದು ಗೊತ್ತಿರಲು ದಾರಿಯೇ ಇರಲಿಲ್ಲ.

ಧಣಿಗಳಿಗೆ ಅವಸರ. ಜುಲೈ ನಡುವಿನಲ್ಲಿ ಆಟಿ ತಿಂಗಳು ಹುಟ್ಟಿದರೆ ನಮ್ಮಲ್ಲಿ ಶುಭಕಾರ್ಯ ಮಾಡುವುದಿಲ್ಲವಲ್ಲ. ಅದರೊಳಗೆ ಸಭಾಭವನದ ಉದ್ಘಾಟನೆ ಆಗಬೇಕು, ವಿಮಾನ ಬಾಗಿಲಲ್ಲಿ ನಿಂತಿರಬೇಕು. ಒಂದು ಬೆಳಿಗ್ಗೆ ಮಳೆ ಬಿಟ್ಟು ಎಳೆಬಿಸಿಲು ಬಂತು. ನಾನು ಕಾರ್ಕಳಕ್ಕೆ ತಲುಪುವಾಗ ಷಡ್ಡಕ ಪೈಂಟಿನ ಕೆಲಸದವರಿಬ್ಬರನ್ನು ನಿಲ್ಲಿಸಿಕೊಂಡು ಡಬ್ಬಿಗಳನ್ನು ಸಾಲಾಗಿ ಇಡಿಸಿದ್ದ.

"ಭಾವ, ಒಳ್ಳೆ ಬಿಸಿಲು ಉಂಟು ಅಲ್ವಾ? ಇವತ್ತು ಹೊಡೆದೇ ಬಿಡುವ."

ಬಿಸಿಲೇನೋ ಇತ್ತು. ಆದರೆ ಗೋಡೆ ಬೆವರುತ್ತಿತ್ತು. ನನ್ನ ಜೇಬಿನ ಬೆಂಕಿಪೊಟ್ಟಣದ ಕಡ್ಡಿ ಹತ್ತುತ್ತಿರಲಿಲ್ಲ. ಒಂದು ಮಾತು ಸಾಕಿತ್ತು. 'ಇವತ್ತು ಬೇಡ ಮಾರಾಯ' ಎಂಬ ಮೂರು ಶಬ್ದ.

"ಹೌದು, ಬಿಸಿಲು ಉಂಟು" ಎಂದೆ. ಅದು ಸುಳ್ಳಲ್ಲ. ಮುಂದುವರಿದು, "ನನಗೆ ಬ್ಯಾಂಕಿನಲ್ಲಿ ಸ್ವಲ್ಪ ಕೆಲಸ ಉಂಟು, ಹೋಗಿ ಬರ್ತೇನೆ" ಎಂದು ಸಿಕ್ಕಿದ ಬಸ್ಸು ಹತ್ತಿದೆ. ಕಿಟಕಿಯ ಬದಿಯ ಸೀಟೇ ಸಿಕ್ಕಿತು.

ಮರುದಿನ ನನ್ನ ಹೆಂಡತಿಗೆ ತಂಗಿಯ ಫೋನು. ರೆಕ್ಕೆ ಪೂರಾ ಬೆಳ್ಳಗಾಗಿದೆಯಂತೆ, ಮೇಲಿನಿಂದ ಇನ್ನೊಂದು ಕೋಟು ಹೊಡೆದರೆ ಮತ್ತಷ್ಟು ಕೆಟ್ಟಿತಂತೆ, ಬಟ್ಟೆ ಜೋಲುತ್ತಿದೆಯಂತೆ, ಇವರಿಗೆ ರಾತ್ರಿ ಊಟ ಸೇರಲಿಲ್ಲವಂತೆ. "ಪಾಪ" ಎಂದಳು ನನ್ನ ಹೆಂಡತಿ. "ಪಾಪ" ಎಂದೆ ನಾನೂ. ಅಂಥ ಒಳ್ಳೆಯ ಮಧ್ಯಾಹ್ನದ ನಿದ್ದೆ ನನಗೆ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಎರಡು ದಿನ ಬಿಟ್ಟು, ಸಂತಾಪ ಸೂಚಿಸುವ ಗಾಂಭೀರ್ಯದಿಂದ ಕಾರ್ಕಳಕ್ಕೆ ಹೋದೆ. ಷಡ್ಡಕ ಒಂದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ರೆಕ್ಕೆ ನಿಜಕ್ಕೂ ಸುಣ್ಣ ಬಳಿದಂತಿತ್ತು. ಧಣಿಗಳು ಮಾತ್ರ ಉತ್ಸಾಹದಲ್ಲಿದ್ದರು.

"ತಲೆಬಿಸಿ ಬೇಡ ಮಾರಾಯ್ರೆ. ನಾನು ಮಾತಾಡಿ ಆಯ್ತು. ಈ ಬಟ್ಟೆ ಎಲ್ಲ ಕಿತ್ತು ಬಿಸಾಡಿ ಫ್ಲೆಕ್ಸ್ ಹಾಕುವ. ಉಡುಪಿಯಲ್ಲಿ ಒಂದೇ ದಿನದಲ್ಲಿ ಪ್ರಿಂಟ್ ಮಾಡಿ ಕೊಡ್ತಾರೆ. ಬೆಳ್ಳಿ ಬಣ್ಣ, ಬೋಲ್ಟಿನ ಚಿತ್ರ ಎಲ್ಲ ಬರ್ತದೆ. ಒಂದು ರೆಕ್ಕೆಯಲ್ಲಿ 'ಶುಭ ವಿವಾಹ', ಇನ್ನೊಂದರಲ್ಲಿ ನಮ್ಮ ಹಾಲ್‌ನ ಫೋನ್ ನಂಬ್ರ."

ಆ ನಿದ್ದೆಯ ಸುಖವೆಲ್ಲ ಅಲ್ಲಿಗೆ ಇಳಿಯಿತು. ಕಾರ್ಖಾನೆ ಕಟ್ಟಿದ ಸಾಲು ಸಾಲು ಯುದ್ಧವಿಮಾನಗಳು ಇವತ್ತು ಊರೂರಿನ ವೃತ್ತಗಳಲ್ಲಿ ಕಂಬದ ಮೇಲೆ ಮೂಗೆತ್ತಿ ನಿಂತಿವೆ, ಅವುಗಳ ಕೆಳಗೆ ಹೂದೋಟ. ನಮ್ಮ ವಿಮಾನ ನನ್ನ ಕಣ್ಣಿಗೆ ಮತ್ತೆ ಬಿದ್ದದ್ದು ಇದೊಂದೇ. ಅದರ ಮೈ ಮೇಲೆ ಫೋನ್ ನಂಬ್ರ. ಅದಕ್ಕೆ ದಾರಿ ಮಾಡಿಕೊಟ್ಟವನು ನಾನು.

ರೆಕ್ಕೆಯನ್ನು ಮುಟ್ಟಿ ನೋಡಿದೆ.

"ಕೀಳುವುದು ಬೇಡ," ಎಂದೆ. "ಇದನ್ನು ಸರಿ ಮಾಡ್ಲಿಕ್ಕೆ ಆಗ್ತದೆ. ನಿಧಾನ ಒಣಗುವ ಥಿನ್ನರ್ ಉಂಟು, ಅದನ್ನು ಹೊಡೆದು ಇದೇ ಪದರವನ್ನು ಕರಗಿಸ್ಬೇಕು. ಬೆಳ್ಳಗಾದದ್ದು ಹೋಗ್ತದೆ. ಆಮೇಲೆ ಮೇಲಿಂದ ನಾಲ್ಕು ಕೋಟು. ಆದರೆ ಈಗಲ್ಲ. ಇದು ಮಳೆಗಾಲದ ಕೆಲಸವೇ ಅಲ್ಲ. ದೀಪಾವಳಿ ಕಳೆದು ಚಳಿ ಬೀಳ್ಬೇಕು."

"ಆಟಿಯ ಮೊದಲು ಉದ್ಘಾಟನೆ ಅಲ್ವಾ?"

"ಉದ್ಘಾಟನೆ ಮಾಡಿ. ವಿಮಾನಕ್ಕೆ ಟರ್ಪಾಲು ಹೊದಿಸಿ ಇಡಿ. ಆಟಿಯಲ್ಲಿ ಹೇಗೂ ಮದುವೆ ಇಲ್ಲ. ಜನ ಒಳಗೆ ಎಂತ ಉಂಟು ಎಂತ ಉಂಟು ಅಂತ ಕೇಳ್ತಾ ಇರ್ತಾರೆ. ಅದೂ ಒಂದು ಪ್ರಚಾರ."

ಪ್ರಚಾರ ಎಂಬ ಶಬ್ದ ಕೆಲಸ ಮಾಡಿತು. ಧಣಿಗಳು ಟರ್ಪಾಲಿಗೆ ಫೋನ್ ಮಾಡುತ್ತ ಆಚೆ ಹೋದರು. ಷಡ್ಡಕ ನನ್ನನ್ನೇ ನೋಡುತ್ತಿದ್ದ. ಎದ್ದು ಬಂದ. ಇಬ್ಬರೂ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ ಬನ್ಸು, ಚಾ ಹೇಳಿದೆವು. ಹೊರಗೆ ಮಳೆ ಹೊಡೆಯುತ್ತಿತ್ತು.

"ಭಾವ, ಆ ದಿನ ಬೆಳಿಗ್ಗೆಯೇ ನಿಮಗೆ ಗೊತ್ತಿತ್ತಾ?"

ಚಾದ ಕೆನೆಯನ್ನು ಚಮಚದಲ್ಲಿ ಬದಿಗೆ ಸರಿಸಿದೆ. ಅದು ಪೂರ್ತಿ ಸರಿಯುವವರೆಗೂ ಅವನು ಕಾದ.

"ಗೊತ್ತಿತ್ತು."

"ಬ್ಯಾಂಕಿನಲ್ಲಿ ಕೆಲಸ?"

"ಇರ್ಲಿಲ್ಲ."

"ಒಂದು ಮಾತು ಹೇಳ್ಬಹುದಿತ್ತಲ್ಲ."

"ನೀನು ಕೇಳ್ಲಿಲ್ಲ ಮಾರಾಯ."

ಅವನು ಬನ್ಸನ್ನು ಮುರಿದು, ಅರ್ಧವನ್ನು ಚಟ್ನಿಯಲ್ಲಿ ಅದ್ದಿ, ತಿಂದು ಮುಗಿಸಿದ. "ಹೌದು. ಕೇಳ್ಬೇಕಿತ್ತು," ಎಂದ. ಅಷ್ಟೇ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಐವತ್ತು ವರ್ಷದ ಸಾಮಗ್ರಿ ನನ್ನಲ್ಲಿ ಸಿದ್ಧವಾಗಿತ್ತು. ಅದನ್ನು ಹೊರಗೆ ತೆಗೆಯಲು ಅವನು ಅವಕಾಶವನ್ನೇ ಕೊಡಲಿಲ್ಲ.

ಡಿಸೆಂಬರಿನಲ್ಲಿ, ತುಟಿ ಒಡೆಯುವಷ್ಟು ಗಾಳಿ ಒಣಗಿದ ಮೇಲೆ, ಕೆಲಸ ಮತ್ತೆ ಸುರುವಾಯಿತು. ಈ ಸಲ ಎರಡು ಥರ್ಮಾಮೀಟರ್ ತಂದು ತೂಗುಹಾಕಿದೆ. ದಿನಾ ಬೆಳಿಗ್ಗೆ ಷಡ್ಡಕ ಬಂದು, "ಭಾವ, ಇವತ್ತು ಆಗ್ತದಾ?" ಎಂದು ಎಲ್ಲರ ಎದುರು ಕೇಳುತ್ತಿದ್ದ. ನಾನು ಥರ್ಮಾಮೀಟರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿ, "ಆಗ್ತದೆ" ಎನ್ನುತ್ತಿದ್ದೆ. ಬಿಳಿ ಕರಗಿತು, ಬಟ್ಟೆ ಬಿಗಿಯಿತು. ಕೊನೆಯ ಕೋಟು ಒಣಗಿದ ದಿನ ರೆಕ್ಕೆಗೆ ಬೆರಳು ತಾಗಿಸಿದೆ. ನುಡಿಯಿತು. ಅವನೂ ಬೆರಳು ತಾಗಿಸಿದ. ಅವನಿಗೂ ನುಡಿಯಿತು, ನನಗೆ ನುಡಿದದ್ದಕ್ಕಿಂತ ಚೆನ್ನಾಗಿ ಕೇಳಿಸಿದ್ದು ನನ್ನ ಕಿವಿಯ ದೋಷವಿರಬಹುದು.

ಜನವರಿಯ ಒಂದು ಆದಿತ್ಯವಾರ ಟರ್ಪಾಲು ಸರಿಸುವ ಸಮಾರಂಭ. ಧಣಿಗಳ ಬಂಧುಬಳಗ, ಊರ ಗಣ್ಯರು, ನಮ್ಮಿಬ್ಬರ ಮನೆಯವರು, ಮೈಕು. ವೇದಿಕೆಯಲ್ಲಿ ಷಡ್ಡಕನಿಗೆ ಕುರ್ಚಿ. ನಾನು ಮೂರನೆಯ ಸಾಲಿನಲ್ಲಿದ್ದೆ. ಅವನ ಸರದಿ ಬಂತು.

"ಎಲ್ಲರೂ ನನ್ನನ್ನು ತಜ್ಞರು ಅಂದ್ರಿ. ನಾನು ಈ ವಿಮಾನದ ತಜ್ಞ ಅಲ್ಲ," ಎಂದ. "ನಾನು ಯುದ್ಧವಿಮಾನದಲ್ಲಿ ಪೈಪ್ ಜೋಡಿಸಿದವ. ಈ ವಿಮಾನ ಕಟ್ಟಿದವರು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನಮ್ಮ ಭಾವ. ಮಳೆಗಾಲದಲ್ಲಿ ರೆಕ್ಕೆ ಹಾಳಾದದ್ದು ನೂರಕ್ಕೆ ನೂರು ನನ್ನ ತಪ್ಪು. ಆ ದಿನ ಭಾವನಿಗೆ ಮೈ ಬಿಸಿ ಇತ್ತು, ಜ್ವರ ಅಂತ ಬೇಗ ಮನೆಗೆ ಹೋದ್ರು. ಅವರು ಇದ್ದಿದ್ರೆ ನನಗೆ ಡಬ್ಬಿ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ. ಭಾವ, ನೀವು ಮೇಲೆ ಬರ್ಬೇಕು."

ಹೋದೆ. ತನ್ನ ಕುರ್ಚಿಯಲ್ಲಿ ನನ್ನನ್ನು ಕುಳ್ಳಿರಿಸಿ ಅವನು ಕೆಳಗಿಳಿದು ಸಭೆಯ ಹಿಂದೆ ಹೋಗಿ ನಿಂತ. ಚಪ್ಪಾಳೆ ಬಹಳ ಹೊತ್ತು ಬಿತ್ತು. ನಾನು ಬಯಸಿದ ಮಾತನ್ನು ಮೈಕಿನಲ್ಲಿ, ನಾಲ್ಕಲ್ಲ, ನಾನೂರು ಜನರ ಎದುರು ಹೇಳಿಯಾಗಿತ್ತು. ಆದರೆ ಚಪ್ಪಾಳೆ ಹೊಡೆಯುವವರ ಮುಖಗಳು ತಿರುಗಿದ್ದು ಹಿಂದಿನ ಗೋಡೆಯ ಕಡೆಗೆ.

ಊಟದ ಪಂಕ್ತಿಯಲ್ಲಿ ನನ್ನ ಎಡಗಡೆಯ ಅಪರಿಚಿತರು, "ಎಂಥ ದೊಡ್ಡ ಮನಸ್ಸು ಅವರದ್ದು! ಈ ಕಾಲದಲ್ಲಿ ತಪ್ಪು ಒಪ್ಪಿಕೊಳ್ಳುವವರು ಎಲ್ಲಿದ್ದಾರೆ?" ಎಂದು ನನಗೇ ಹೇಳಿದರು. ಹೌದು ಹೌದು ಎಂದೆ. ಎದುರು ಸಾಲಿನಲ್ಲಿ ಅವನು ಮುದುಕಿಯೊಬ್ಬರ ಎಲೆಗೆ ಪಾಯಸ ಸಾಲದೆಂದು ಬಡಿಸುವವರನ್ನು ಕೂಗಿ ಕರೆಯುತ್ತಿದ್ದ.

ಬಲಗಡೆ ನನ್ನ ಹೆಂಡತಿ. ಅನ್ನ ಕಲಸುತ್ತ, ತಲೆಯೆತ್ತದೆ, ತಗ್ಗಿದ ದನಿಯಲ್ಲಿ ಕೇಳಿದಳು.

"ನಿಮಗೆ ಯಾವಾಗ ಜ್ವರ ಬಂದದ್ದು?"

"ಜೂನಿನಲ್ಲಿ."

"ಜೂನಿನಲ್ಲಿ ಎಲ್ಲಿ ಬಂದಿತ್ತು? ಆ ದಿನ ಬೇಗ ಬಂದು ಒಣ ಸಿಗಡಿ ಚಟ್ನಿಯಲ್ಲಿ ಎರಡು ಸಲ ಗಂಜಿ ಹಾಕಿಸಿಕೊಂಡ್ರಿ. ನಾನೇ ಬಡಿಸಿದ್ದು."

ಅವಳ ಹತ್ತಿರ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಸಾಮರ್ಥ್ಯ ನನಗೆ ಎಂದೂ ಇದ್ದದ್ದಲ್ಲ. ಬಿಸಿಲು, ಬ್ಯಾಂಕು, ಬಸ್ಸು, ಎಲ್ಲವನ್ನೂ ಹೇಳಿದೆ. ಸಾರು ಬಂತು, ಹೋಯಿತು. ಅವಳು ಎಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಅವರಿಗೆ ಗೊತ್ತುಂಟಾ?"

"ಉಂಟು. ಆವಾಗಿನಿಂದಲೂ."

"ತಂಗಿಗೂ ಹೇಳ್ಲಿಲ್ಲ ಅಲ್ವಾ? ಹೇಳಿದ್ರೆ ನನಗೆ ಗೊತ್ತಾಗ್ತಿತ್ತು."

"ಯಾರಿಗೂ ಹೇಳ್ಲಿಲ್ಲ."

ಅವಳು ಉಳಿದ ಅನ್ನವನ್ನು ಎಲೆಯ ಬದಿಗೆ ಸರಿಸಿದಳು. ಆಮೇಲೆ, "ಪುಣ್ಯಾತ್ಮ" ಎಂದಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ.